ಅಗಸಿ ತೆಗೆದವರು

ನಮ್ಮಪ್ಪ ಮೂವತ್ತೆರಡು ವರ್ಷ ಬಾಯಲ್ಲಿ ಹುಲ್ಲು ಕಚ್ಚಿದ. ಅವನ ಹೆಸರು ಭಗವಂತ. ಅಂಥ ಹೆಸರಿಟ್ಟ ಅಜ್ಜಿಯ ಮೇಲೆ ನನಗೆ ಈಗಲೂ ಸಿಟ್ಟಿದೆ.

ಕಚ್ಚುವುದು ವರ್ಷಕ್ಕೆ ಒಂದೇ ದಿನ, ಬನ್ನಿ ಹಬ್ಬದ ಮಧ್ಯಾಹ್ನ. ಒಂದು ದಿನದ ಮಾತಲ್ಲವೇ ಎಂದು ಕೆಲವರು ನನಗೆ ಬುದ್ಧಿ ಹೇಳಿದ್ದಾರೆ. ಅವರ ಬಾಯಿಗೆ ಯಾರೂ ಹುಲ್ಲು ತುರುಕಿಲ್ಲ.

ನಮ್ಮೂರು ಚಿತ್ತಾಪುರಕ್ಕೂ ಸೇಡಂಗೂ ನಡುವೆ, ಕಾಗಿಣಾ ಹೊಳೆಯ ದಂಡೆಗಿದೆ. ಊರಿಗೊಂದು ಹಾಳು ಕೋಟೆ. ಕೋಟೆಗೆ ಒಂದೇ ಹೆಬ್ಬಾಗಿಲು, ಅದಕ್ಕೆ ನಾವು ಅಗಸಿ ಅನ್ನುತ್ತೇವೆ. ಅಗಸಿಯ ಒಳಗೆ ದೇಶಮುಖನ ವಾಡೆ, ಮೇಲಿನವರ ಓಣಿಗಳು, ಸಿಹಿನೀರಿನ ಬಾವಿ. ಹೊರಗೆ ಗೋಡೆಗೆ ಬೆನ್ನು ಹಚ್ಚಿಕೊಂಡು ನಮ್ಮ ಕೇರಿ. ಅಗಸಿಗೆ ತೀರ ಹತ್ತಿರದ ಗುಡಿಸಲು ನಮ್ಮದು.

ಬನ್ನಿ ಹಬ್ಬದ ದಿನ ದೇಶಮುಖ ತನ್ನ ಹಿರಿಯರ ಕತ್ತಿಯನ್ನು ಪಲ್ಲಕ್ಕಿಯಲ್ಲಿಟ್ಟು ಹೊಳೆಯಾಚೆಯ ಬನ್ನಿ ಗಿಡಕ್ಕೆ ಒಯ್ಯುತ್ತಾನೆ. ತಿರುಗಿ ಬರುವಾಗ ಪಲ್ಲಕ್ಕಿ ಅಗಸಿಯ ಮುಂದೆ ನಿಲ್ಲುತ್ತದೆ. ಹೊಸ್ತಿಲ ಮೇಲೆ ಅಪ್ಪ ಮೊಣಕಾಲೂರಿ ಕೂತಿರಬೇಕು. ಬಾಯಲ್ಲಿ ಹುಲ್ಲು ಇರಬೇಕು. ದೇಶಮುಖ ಊರ ಮುಂದೆ ಕೇಳುತ್ತಾನೆ:

"ಅಗಸಿ ಯಾರು ತೆಗೆದ್ರು?"

ಅಪ್ಪ ಹುಲ್ಲಿನ ಸಂದಿಯಿಂದಲೇ ಹೇಳಬೇಕು:

"ನಾವು ತೆಗೆದಿವ್ರಿ ಧಣಿ."

ಹೀಗೆ ಮೂರು ಸಲ. ಮೂರನೆಯ ಸಲ ದೇಶಮುಖ ಜೋಡು ಮೆಟ್ಟಿದ ಕಾಲನ್ನು ಅಪ್ಪನ ಕುತ್ತಿಗೆಯ ಮೇಲಿಡುತ್ತಾನೆ. ಆಮೇಲೆ ಅಪ್ಪ ಪಕ್ಕಕ್ಕೆ ಸರಿಯುತ್ತಾನೆ, ಪಲ್ಲಕ್ಕಿ ಒಳಗೆ ಹೋಗುತ್ತದೆ. ಊರವರು ಬನ್ನಿ ಎಲೆ ಕೊಟ್ಟು ತಗೊಂಡು, ಬಂಗಾರದಂಗ ಇರೋಣು ಎಂದು ಒಬ್ಬರನ್ನೊಬ್ಬರು ಅಪ್ಪಿಕೊಳ್ಳುತ್ತಾರೆ. ಅಪ್ಪ ಮನೆಗೆ ಬಂದು ಬಾಯಿ ತೊಳೆಯುತ್ತಾನೆ. ಆ ದಿನ ಅವನು ಊಟ ಮಾಡಿದ್ದನ್ನು ನಾನು ನೋಡಿಲ್ಲ.

ಇದಕ್ಕೊಂದು ಕಥೆಯಿದೆ. ಐನೂರು ವರ್ಷದ ಹಿಂದೆ ಸುಲ್ತಾನನ ದಂಡು ಬಂದು ಕೋಟೆಗೆ ಮುತ್ತಿಗೆ ಹಾಕಿತಂತೆ. ಆಗ ಅಗಸಿ ಕಾಯುತ್ತಿದ್ದವನು ನಮ್ಮ ಮನೆತನದವನು. ಅವನು ಒಂದು ಚೀಲ ಹೊನ್ನಿನ ಆಸೆಗೆ ಬಾಗಿಲು ತೆಗೆದನಂತೆ, ಕೋಟೆ ಬಿತ್ತಂತೆ, ರಾಜ ಸತ್ತನಂತೆ. ಆ ಹೊನ್ನು ಎಲ್ಲಿ ಹೋಯಿತು ಎಂದು ಚಿಕ್ಕವಳಿದ್ದಾಗ ಅಪ್ಪನನ್ನು ಕೇಳಿದ್ದೆ. ಅವನು ನಕ್ಕ. ನಮ್ಮ ಮನೆಯಲ್ಲಿ ಆಗ ಒಂದೇ ಗಂಗಾಳವಿತ್ತು, ಇಬ್ಬರೂ ಅದರಲ್ಲೇ ಉಣ್ಣುತ್ತಿದ್ದೆವು.

ನಾನು ಅನಸುಬಾಯಿ. ತೆಂಗಳಿಗೆ ಮದುವೆ ಮಾಡಿ ಕೊಟ್ಟಿದ್ದರು. ಗಂಡ ಇನ್ನೊಬ್ಬಳನ್ನು ತಂದ, ನಾನು ತಿರುಗಿ ಬಂದೆ. ಅಪ್ಪನ ಜೊತೆ ಫರ್ಸಿ ಹಾಸುಗಲ್ಲಿನ ಖಣಿಗೆ ಹೋದೆ. ನಮ್ಮ ಕಡೆಯ ನೆಲ ಅಗೆದರೆ ಕಲ್ಲು ಪದರು ಪದರಾಗಿ ಏಳುತ್ತದೆ. ಗಂಡಸರು ಹಾರೆ ಹಾಕಿ ಮೀಟಿ ಎಬ್ಬಿಸುತ್ತಾರೆ. ಹೆಂಗಸರು ತಲೆಯ ಮೇಲೆ ಸಿಂಬಿ ಇಟ್ಟುಕೊಂಡು ಚಪ್ಪಡಿ ಹೊತ್ತು ಲಾರಿಗೆ ಹಾಕುತ್ತೇವೆ. ಬೇಸಿಗೆಯಲ್ಲಿ ಕಲ್ಲು ಕಾದು ಸಿಂಬಿಯೊಳಗಿಂದ ತಲೆ ಸುಡುತ್ತದೆ. ಕೂದಲು ನಡುನೆತ್ತಿಯಲ್ಲಿ ಉದುರುತ್ತದೆ. ನನಗೆ ಇಪ್ಪತ್ತೆಂಟಕ್ಕೇ ಅಲ್ಲಿ ಬೋಳಾಗಿತ್ತು. ಖಣಿ ದೇಶಮುಖನದು. ಕೇರಿಯ ಹನ್ನೊಂದು ಮನೆಗಳೂ ಅಲ್ಲೇ ದುಡಿಯುತ್ತಿದ್ದವು.

ಎಪ್ಪತ್ತೈದರ ಶ್ರಾವಣದಲ್ಲಿ ಅಪ್ಪ ಸತ್ತ. ಕಲ್ಲಿನ ಪುಡಿ ಎದೆಗೆ ಇಳಿದಿತ್ತು. ಕೊನೆಯ ಎರಡು ತಿಂಗಳು ಕೂತೇ ನಿದ್ದೆ ಮಾಡಿದ. ಹದಿನೈದು ದಿನಕ್ಕೆ ಕಾಕಾ ದಶರಥ ಬಂದು ಬಾಗಿಲಲ್ಲಿ ಕೂತ. ಅವನು ಅಪ್ಪನ ತಮ್ಮ. ಖಣಿಯಲ್ಲಿ ನಮ್ಮವರ ಮೇಲೆ ಅವನೇ ಮೇಸ್ತ್ರಿ.

"ಧಣಿ ಹೇಳಿ ಕಳಿಸ್ಯಾನ," ಎಂದ. "ಅಗಸಿ ಬಾಜೂಕಿನ ಮನ್ಯಾಗ ಯಾರಿರ್ತಾರ, ಅವರೇ ಕುಂದರಬೇಕಂತ. ಗಂಡು ಇಲ್ಲಂದ್ರ ಹೆಣ್ಣು."

"ನಾ ಕುಂದರಂಗಿಲ್ಲ ಕಾಕಾ."

"ಕುಂದರಲಿಲ್ಲಂದ್ರ ಹನ್ನೊಂದು ಮನಿ ಕೆಲಸ ಹೋಗ್ತದ ಅನಸೂ."

"ಹನ್ನೊಂದು ಮನಿ ಸಲುವಾಗಿ ನಮ್ಮಪ್ಪ ಮೂವತ್ತೆರಡು ವರ್ಷ ಕುಂತಾನಲ್ಲ. ಅವಂಗ ಏನು ಸಿಕ್ತು?"

"ಸಾಯೋ ಮಟ ಕೆಲಸ ಸಿಕ್ತು," ಎಂದ ಕಾಕಾ. ಅವನು ಹೇಳಿದ್ದು ಸುಳ್ಳೇನೂ ಅಲ್ಲ.

ಆ ದಿನಗಳಲ್ಲಿ ಉಳುವವನೇ ಒಡೆಯ ಎಂಬ ಕಾಯಿದೆ ಬಂದು ದೇಶಮುಖನ ನಿದ್ದೆ ಕೆಟ್ಟಿತ್ತು. ವಕೀಲ ಹಳೆಯ ಕಾಗದ ಇದ್ದರೆ ತನ್ನಿ ಎಂದಿದ್ದ. ವಾಡೆಯಲ್ಲಿ ಗಾಜು ಹಾಕಿಸಿದ ಒಂದು ಫಾರಸಿ ಸನದು ತೂಗಿಹಾಕಿತ್ತು. ಯಾವುದೋ ಸುಲ್ತಾನ ಇವರ ಮೂಲ ಪುರುಷನಿಗೆ ಬರೆದುಕೊಟ್ಟ ಇನಾಮು ಪತ್ರ. ದೇಶಮುಖನ ಮನೆಯವರು ಅದಕ್ಕೆ ಹೂವು ಏರಿಸುತ್ತಿದ್ದರೇ ಹೊರತು ಯಾರಿಗೂ ಓದಲು ಬರುತ್ತಿರಲಿಲ್ಲ. ಊರ ಶಾಲೆಯಲ್ಲಿ ಇತಿಹಾಸ ಹೇಳುವ ಗುಲಾಮ ದಸ್ತಗೀರ ಮಾಸ್ತರನಿಗೆ ಫಾರಸಿ ಬರುತ್ತಿತ್ತು. ಅವನನ್ನು ಕರೆಸಿದರು.

ಅವತ್ತು ನಾನು ವಾಡೆಯ ಅಂಗಳದಲ್ಲಿದ್ದೆ. ಹಬ್ಬಕ್ಕೆ ಹೊಸ ಫರ್ಸಿ ಹಾಸುವ ಕೆಲಸ. ನಾವು ಕಲ್ಲು ಹಾಸಿ ಹೋದ ಮೇಲೆ ಅದರ ಮೇಲೆ ಗೋಮೂತ್ರ ಚಿಮುಕಿಸುತ್ತಿದ್ದರು. ಮಾಸ್ತರ ಪಡಸಾಲೆಯಲ್ಲಿ ಕೂತು ಓದುತ್ತಿದ್ದ. ಒಂದು ಸಾಲು ಫಾರಸಿ, ಒಂದು ಸಾಲು ಕನ್ನಡ. ನಡುವೆ ಓದು ನಿಲ್ಲಿಸಿದ.

"ಯಾಕ ಮಾಸ್ತರ, ಮುಂದ ಓದ್ರಿ," ಎಂದ ದೇಶಮುಖ.

ಮಾಸ್ತರ ಚಷ್ಮಾ ಒರೆಸಿಕೊಂಡ. "ನಮ್ಮ ದಂಡು ಕ್ವಾಟಿಗೆ ಮುತ್ತಿಗಿ ಹಾಕಿದಾಗ, ಈ ಊರಿನ ಮುಖ್ಯಸ್ಥ ತನ್ನ ರಾಜನ್ನ ಬಿಟ್ಟು ನಮ್ಮ ಕಡಿ ಬಂದ. ಅಗಸಿ ಕಾಯುವವನ್ನ ಕೊಂದು ಬಾಗಲಾ ತೆಗೆದು ಕೊಟ್ಟ. ಆ ಸೇವಾಕ್ಕ ಮೆಚ್ಚಿ ಅವಗ ಐದೂರಿನ ದೇಶಮುಖಿ ಕೊಟ್ಟೀವಿ. ಹಿಂಗ ಅದರಿ."

ನನ್ನ ತಲೆಯ ಮೇಲೆ ಚಪ್ಪಡಿ ಇತ್ತು. ಇಳಿಸುವುದನ್ನು ಮರೆತು ನಿಂತೆ.

ದೇಶಮುಖ ಎಲೆ ಮಡಚಿ ಬಾಯಿಗೆ ಹಾಕಿಕೊಂಡ. "ಐದೂರು ಕೊಟ್ಟದ್ದಷ್ಟು ಬರೀರಿ. ಮ್ಯಾಲಿಂದು ಬಿಡ್ರಿ."

"ಸನದಿನಾಗ ಇದ್ದದ್ದು ಬಿಡಲಿಕ್ಕ ಬರಂಗಿಲ್ರಿ."

"ಬರ್ತದ. ನೀವು ಯಾರ ಮನ್ಯಾಗ ಬಾಡಗಿ ಅದೀರಿ?"

ಮಾಸ್ತರ ಪೆನ್ನಿನ ಟೊಪ್ಪಿಗೆ ತೆಗೆದ. ಬರೆದ. ನಾನು ಐದು ಮಾರು ದೂರದಲ್ಲಿದ್ದೆ. ಅವರು ದನಿ ಸಹ ಇಳಿಸಲಿಲ್ಲ. ಹೊತ್ತ ಕಲ್ಲಿಗೂ ಹೊತ್ತವಳಿಗೂ ಅವರ ಲೆಕ್ಕದಲ್ಲಿ ಕಿವಿ ಇರಲಿಲ್ಲ.

ಮರುದಿನ ಶಾಲೆಗೆ ಹೋದೆ. ಎಂಟನೆಯ ಇಯತ್ತೆಯ ಮಕ್ಕಳು ಹೋಗಿದ್ದರು. ಮಾಸ್ತರ ಒಬ್ಬನೇ ಗೋಡೆಗೆ ಹಾಕಿದ ನಕಾಶೆ ಸುತ್ತುತ್ತಿದ್ದ. ನಾನು ಬಾಗಿಲ ಹೊರಗೇ ನಿಂತೆ.

"ನೀವು ನಿನ್ನಿ ಓದಿದ್ದು ನಾ ಕೇಳೀನ್ರಿ ಸರ."

ಅವನು ಹೊರಗೆ ಆ ಕಡೆ ಈ ಕಡೆ ನೋಡಿದ. "ಒಳಗ ಬಾ ಅನಸುಬಾಯಿ. ಕುಂದ್ರು."

ಕುಂತೆ. ಅವನು ಸುತ್ತಿದ ನಕಾಶೆಯನ್ನು ಮತ್ತೆ ಬಿಚ್ಚಿದ. ಮಾಸ್ತರರಿಗೆ ಹೆದರಿಕೆಯಾದರೆ ಪಾಠ ಶುರುಮಾಡುತ್ತಾರೆ ಎಂದು ಆವತ್ತು ಗೊತ್ತಾಯಿತು.

"ಇದು ಯೆರೂಸಲೇಮ್," ಎಂದ. "ಈ ಊರಿನ ಸಲುವಾಗಿ ಕ್ರಿಸ್ತಾನ ರಾಜರು, ಮುಸಲ್ಮಾನ ಸುಲ್ತಾನರು ಇನ್ನೂರು ವರ್ಷ ಬಡದಾಡಿದ್ರು. ಧರ್ಮಯುದ್ಧ ಅಂತ ಹೆಸರು. ಖರೇ ಅಂದ್ರ ರಾಜ್ಯದ ಆಸೆ. ಒಮ್ಮೆ ಕ್ರಿಸ್ತಾನರ ದಂಡು ಕ್ರಿಸ್ತಾನರದೇ ದೊಡ್ಡ ಪಟ್ಟಣ ಲೂಟಿ ಮಾಡ್ತು. ಸುಲ್ತಾನರು ಒಬ್ಬರಿಗೊಬ್ಬರು ವಿಷಾ ಹಾಕಿದ್ರು. ಇಲ್ಲಿ ನೋಡು, ಆಂಟಿಯೋಕ್. ದೊಡ್ಡ ಕ್ವಾಟಿ. ಕ್ರಿಸ್ತಾನರ ದಂಡು ಮುತ್ತಿಗಿ ಹಾಕಿದ್ರೂ ಎಂಟು ತಿಂಗಳು ಬೀಳಲಿಲ್ಲ. ಕಡೀಕ ಒಂದು ಬುರುಜು ಕಾಯುವ ಫಿರೋಜ್ ಅನ್ನಾಂವ, ಕವಚ ಮಾಡುವವನು, ಒಳಗ ಬಿಟ್ಟ. ಕ್ವಾಟಿ ಬಿತ್ತು. ಎಲ್ಲಾ ಕಡಿ ಇದೇ ಕಥಿ ಅನಸುಬಾಯಿ."

"ಅವನ ಮಕ್ಕಳು ಈಗೂ ಹುಲ್ಲು ಕಚ್ಚತಾರೇನ್ರಿ?"

ಮಾಸ್ತರ ನನ್ನನ್ನೇ ನೋಡಿದ. "ಅದು ಪುಸ್ತಕದಾಗಿಲ್ಲ," ಎಂದ.

"ಬನ್ನಿ ಹಬ್ಬದ ದಿನ ಊರ ಮುಂದ ಒಂದು ಮಾತು ಹೇಳ್ರಿ. ನೀವು ಓದಿದ್ದಷ್ಟೇ."

ಅವನು ನಕಾಶೆ ಸುತ್ತಿ ಮೂಲೆಗಿಟ್ಟ. ಆಮೇಲೆ ಹೇಳಿದ, "ನಲವತ್ತೆಂಟರಾಗ, ನಿಜಾಮನ ರಾಜ್ಯ ಬಿದ್ದಾಗ, ನನಗ ಹದಿನಾರು. ನಮ್ಮ ಅಬ್ಬಾನ್ನ ಹೊಳಿ ದಂಡಿಗೆ ಕರಕೊಂಡು ಹೋದ್ರು. ಟೊಪ್ಪಿಗಿ ಒಂದೇ ಹೊಳ್ಳಿ ಬಂತು. ಸುಲ್ತಾನರ ಪಾಪಾ ನಿಮ್ಮ ಮ್ಯಾಲ ಅದ ಅಂದ್ರು. ನಮ್ಮ ಅಬ್ಬಾ ಬಳಿ ಮಾರತಿದ್ದ. ಅಂವ ಯಾವ ಸುಲ್ತಾನ?"

ಅವನು ಹೋಗಿ ಕಿಟಕಿ ಮುಚ್ಚಿ ಬಂದ.

"ನಾನಾಗೇ ಹೇಳಂಗಿಲ್ಲ," ಎಂದ ಕೊನೆಗೆ. "ಊರ ಮುಂದ ಯಾರರ ನನ್ನ ಹೆಸರು ಹಿಡದು ಕೇಳಿದ್ರ, ಸುಳ್ಳು ಹೇಳಂಗಿಲ್ಲ. ಅಲ್ಲಾನ ಆಣಿ."

ನನಗೆ ಅಷ್ಟು ಸಾಕಾಗಿತ್ತು. ಕುಂದರತೀನಿ ಎಂದು ಕಾಕಾನಿಗೆ ಹೇಳಿದೆ. ನಿಜ ಗೊತ್ತಾದರೆ ಊರು ನಾಚಿಕೆ ಪಡುತ್ತದೆ ಎಂದು ನಂಬಿದ್ದೆ. ಎಂಥ ಹುಚ್ಚಿ ನಾನು.

ಹಬ್ಬದ ದಿನ ಬಿಸಿಲು ಬಿರುಸಾಗಿತ್ತು. ಅಗಸಿಯ ಮುಂದೆ ಜನ ಕಿಕ್ಕಿರಿದಿದ್ದರು. ಪಲ್ಲಕ್ಕಿ ಬಂತು. ಖಣಿಯ ನಾಲ್ವರು ಗಂಡಸರು ಅದನ್ನು ಹೊತ್ತಿದ್ದರು. ಮುಂದಿನ ಎಡಗಡೆಗೆ ಹಾಜಿಮಲಂಗ್. ಅವನು ಹಾರೆ ಹಾಕಿದರೆ ಎಂಥ ಬಂಡೆಯೂ ಏಳುತ್ತದೆ ಎಂದು ಖಣಿಯಲ್ಲಿ ಹೆಸರಿತ್ತು. ಒಮ್ಮೆ ಹೆಗಲೇರಿದ ಪಲ್ಲಕ್ಕಿ ವಾಡೆ ಮುಟ್ಟುವತನಕ ನೆಲ ಮುಟ್ಟಬಾರದು. ಹಳೆಯ ಸಾಗವಾನಿ, ಮೇಲೆ ಹಿತ್ತಾಳೆಯ ಪಟ್ಟಿ. ಮಾತು ಕೇಳಿ ಒಳಗೆ ಹೋಗಲು ಪ್ರತಿವರ್ಷ ಹಿಡಿಯುತ್ತಿದ್ದದ್ದು ಹೆಚ್ಚೆಂದರೆ ಐದು ನಿಮಿಷ.

ಕಾಕಾ ನನ್ನ ಭುಜ ಒತ್ತಿ ಕೂರಿಸಿದ. ತಾನೇ ಹುಲ್ಲು ತಂದು ಬಾಯಿಗಿಟ್ಟ. ಮಣ್ಣಿನ ರುಚಿ, ಆಡಿನ ಉಚ್ಚೆಯ ವಾಸನೆ. ಹೊಸ್ತಿಲ ಕಲ್ಲು ಮೊಣಕಾಲಿಗೆ ಒತ್ತುತ್ತಿತ್ತು. ಆ ಕಲ್ಲಿನಲ್ಲಿ ಎರಡು ಕಡೆ ಸವೆದು ತಗ್ಗಾಗಿತ್ತು. ಅಪ್ಪನ ಮೊಣಕಾಲು, ಅವನಪ್ಪನ ಮೊಣಕಾಲು.

"ಅಗಸಿ ಯಾರು ತೆಗೆದ್ರು?" ಎಂದ ದೇಶಮುಖ.

ನಾನು ಹುಲ್ಲು ಉಗುಳಿದೆ. ಎದ್ದು ನಿಂತೆ.

"ನಿಮ್ಮ ಹಿರೇರು ತೆಗೆದ್ರು. ನಮ್ಮವನ್ನ ಕೊಂದು ತೆಗೆದ್ರು. ನಿಮ್ಮ ವಾಡ್ಯಾಗ ತೂಗಹಾಕಿದ ಸನದಿನಾಗ ಬರದದ. ಮಾಸ್ತರ್ನ ಕೇಳ್ರಿ."

ಡೊಳ್ಳು ನಿಂತಿತು. ದೇಶಮುಖ ಗದರುತ್ತಾನೆ ಅಂದುಕೊಂಡಿದ್ದೆ. ಅವನು ನಕ್ಕ. ಜನರ ಕಡೆ ತಿರುಗಿ, "ಎಲ್ಲಿ ಅದಾರ ನಮ್ಮ ಮಾಸ್ತರು? ಮುಂದ ಬರ್ರಿ. ಈಕಿ ಹೇಳೂದು ಖರೇ ಏನು?" ಎಂದು ಕೇಳಿದ.

ಮಾಸ್ತರ ಗುಂಪಿನಿಂದ ಬಂದ. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಯಾರೋ ಕೊಟ್ಟ ಬನ್ನಿ ಎಲೆ. ಅವನು ನನ್ನ ಕಡೆ ನೋಡಲಿಲ್ಲ.

"ಅಕ್ಷರ ಹುಳಾ ತಿಂದಾವ್ರಿ," ಎಂದ. "ಆ ಸಾಲು ಓದಲಿಕ್ಕ ಬರಂಗಿಲ್ಲ."

ಜನ ನಕ್ಕರು. ಯಾರೋ ಸಿಳ್ಳೆ ಹಾಕಿದರು. ನನಗೆ ಆ ಮಾಸ್ತರನ ಮೇಲೆ ಬಂದ ಸಿಟ್ಟು ದೇಶಮುಖನ ಮೇಲೂ ಬಂದಿರಲಿಲ್ಲ. ಈಗಲೂ ಅದು ಇದೆ. ಹೊಳ್ಳಿ ಬಂದ ಆ ಟೊಪ್ಪಿಗೆ ನೆನಪಾದಾಗ ಸ್ವಲ್ಪ ಇಳಿಯುತ್ತದೆ, ಮತ್ತೆ ಏರುತ್ತದೆ.

"ಕುಂದ್ರು," ಎಂದ ದೇಶಮುಖ. "ಅಗಸಿ ಯಾರು ತೆಗೆದ್ರು?"

ನನ್ನ ಬಳಿ ಈಗ ಸನದು ಇಲ್ಲ, ಸಾಕ್ಷಿ ಇಲ್ಲ. ಕೂರಲಿಲ್ಲ. ಆಗ ಸನದಿನ ಮೇಲೇ ನನಗೆ ಹೇಸಿಗೆ ಬಂತು. ಸುಲ್ತಾನ ಬರೆದುಕೊಟ್ಟರೆ ನಾನು ಮನುಷ್ಯಳು, ಇಲ್ಲದಿದ್ದರೆ ಇಲ್ಲವೇ?

"ಹೋಗ್ಲಿ. ನಾವೇ ತೆಗೆದಿವಿ ಅನ್ರಿ," ಎಂದೆ. "ತೆಗೆದಿದ್ರ ಭಾಳ ಚಲೋ ಮಾಡೀವಿ. ಈ ಕ್ವಾಟ್ಯಾಗ ನಮಗೇನಿತ್ತು? ಒಳಗ ನಮ್ಮ ಮನಿ ಇತ್ತೇನು? ನಿಮ್ಮ ಬಾವ್ಯಾಗ ನಮಗ ಒಂದು ಕೊಡ ನೀರಿತ್ತೇನು? ದಂಡು ಬಂದ್ರ ನೀವು ಒಳಗ ಹೋಗಿ ಬಾಗಲಾ ಹಾಕ್ಕೊಂಡ್ರಿ. ನಾವು ಹೊರಗ. ಮೊದಲ ಸಾಯವರು ನಾವು. ಆ ರಾಜ ಇದ್ದಾಗೂ ಕಲ್ಲು ಹೊತ್ತಿವಿ, ಸುಲ್ತಾನ ಬಂದಾಗೂ ಹೊತ್ತಿವಿ, ನಿಜಾಮ ಇದ್ದಾಗೂ ಹೊತ್ತಿವಿ. ಈಗ ನಿಮಗ ಹೊರಲಿಕತ್ತೀವಿ. ಯಾರ ರಾಜ್ಯ ಬಿದ್ರ ನಮಗೇನ್ರಿ? ನನ್ನ ಬಾಯಿಗೆ ಹುಲ್ಲು ಬ್ಯಾಡ. ನಾ ದನಾ ಅಲ್ಲ."

ಯಾರೂ ನಗಲಿಲ್ಲ. ದೇಶಮುಖನ ಮುಖ ಕಪ್ಪಿಟ್ಟಿತು. ಅವನು ನನ್ನನ್ನು ಬಿಟ್ಟು ಕಾಕಾನನ್ನು ನೋಡಿದ.

"ದಶರಥ. ಈಕಿ ರಕ್ತಾನೂ ನಿನ್ನ ರಕ್ತಾನೂ ಒಂದೇ. ಬಾ, ಕುಂದ್ರು. ಇಲ್ಲಾ, ನಾಳಿಂದ ನಿಮ್ಮ ಕೇರ್ಯಾವರು ಒಬ್ಬರೂ ಖಣಿ ಕಡಿ ಬರಬ್ಯಾಡ್ರಿ."

ಕಾಕಾ ಬಂದ. ನಾನು ಉಗುಳಿದ ಹುಲ್ಲನ್ನೇ ನೆಲದಿಂದ ಎತ್ತಿಕೊಂಡ. ಧೂಳು ಕೊಡವಲಿಲ್ಲ. ಮೊಣಕಾಲೂರಿ ಬಾಯಿ ತೆರೆದ. ಅವನಿಗೆ ಅರವತ್ತು ವರ್ಷ. ಚಿಕ್ಕವಳಿದ್ದಾಗ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಶಹಾಬಾದಿನ ಸಂತೆಗೆ ಒಯ್ದವನು.

ನಾನು ಅವನ ಬಾಯಿಗೆ ಕೈ ಹಾಕಿದೆ. ಹುಲ್ಲು ಹಿಡಿದು ಎಳೆದೆ. ಅವನು ಹಲ್ಲು ಕಚ್ಚಿದ. ನನ್ನ ತೋರುಬೆರಳು ಹಲ್ಲಿನ ನಡುವೆ ಸಿಕ್ಕಿತು.

"ಕೈ ತೆಗಿ ಅನಸೂ," ಎಂದ ಹಲ್ಲು ಬಿಡದೆ. "ಹನ್ನೊಂದು ಮನಿ ಅವ."

"ತೆಗ್ಯಂಗಿಲ್ಲ. ಕಡಿ."

ಕಡಿದ. ರಕ್ತ ಅವನ ಗಡ್ಡದ ಮೇಲೆ ಇಳಿಯಿತು. ಅವನ ಕಣ್ಣಲ್ಲೂ ನೀರು, ನನ್ನ ಕಣ್ಣಲ್ಲೂ ನೀರು. ಇಬ್ಬರೂ ಬಿಡಲಿಲ್ಲ. ಎಷ್ಟು ಹೊತ್ತು ಹಾಗಿದ್ದೆವೋ ಗೊತ್ತಿಲ್ಲ. ಊರು ನಿಂತು ನೋಡಿತು. ಎತ್ತು ಕಾದಾಡುವಾಗ ನೋಡುವ ಹಾಗೆ ನೋಡಿತು. ಮಾತು ಬರದೆ ಪಲ್ಲಕ್ಕಿ ಒಳಗೆ ಹೋಗುವಂತಿಲ್ಲ. ಹೊತ್ತವರು ಬಿಸಿಲಲ್ಲಿ ನಿಂತೇ ಇದ್ದರು. ಅವರ ಕಾಲು ನಡುಗುವುದು ನನಗೆ ಓರೆಗಣ್ಣಿಗೆ ಕಾಣುತ್ತಿತ್ತು.

"ಕೆಳಗ ಇಳಸ್ರೋ," ಎಂದ ಹಾಜಿಮಲಂಗ್.

"ಏ ಮಲಂಗ್ಯಾ!" ದೇಶಮುಖ ಕೂಗಿದ. "ಪಲ್ಲಕ್ಕಿ ನೆಲಾ ಮುಟ್ಟಿದ್ರ ನಿನ್ನ ಚರ್ಮಾ ಸುಲೀತೀನಿ."

"ಹೆಗಲ ಮ್ಯಾಲಿನ ಚರ್ಮಾ ಆಗಲೇ ಹೋಗ್ಯಾದ್ರಿ ಧಣಿ. ಉಳದದ್ದು ನೀವು ಸುಲ್ಕೋರಿ."

ಉಳಿದ ಮೂವರು ಒಬ್ಬರ ಮುಖ ಒಬ್ಬರು ನೋಡಿದರು. ಆಮೇಲೆ ನಾಲ್ವರೂ ಬಾಗಿದರು. ಪಲ್ಲಕ್ಕಿ ಧೂಳಿನಲ್ಲಿ ಕೂತಿತು. ಕತ್ತಿ ಜಾರಿ ಹೊರಗೆ ಬಿತ್ತು. ದೇಶಮುಖನ ಮಗ ಓಡಿಬಂದು ಅದನ್ನು ಕೂಸಿನ ಹಾಗೆ ಎತ್ತಿಕೊಂಡ. ಕಾಕಾ ಬಾಯಿ ತೆರೆದ. ನಾನು ಬೆರಳು ಹೊರಗೆ ತೆಗೆದೆ. ಹುಲ್ಲು ಅದರ ಜೊತೆಗೇ ಬಂತು.

ಗೆದ್ದೆ ಎಂದು ನಾನು ಹೇಳುವುದಿಲ್ಲ. ಸೋಮವಾರ ಖಣಿಯಲ್ಲಿ ನಮ್ಮ ಹೆಸರು ಕೂಗಲಿಲ್ಲ. ಹನ್ನೊಂದು ಮನೆ, ಜೊತೆಗೆ ಆ ನಾಲ್ವರು. ಕಿರಾಣಿಯವನು ಜೋಳ ಕೊಡಲಿಲ್ಲ. ನನ್ನ ಗುಡಿಸಲಿಗೆ ಬೆಂಕಿ ಬಿತ್ತು. ಯಾರು ಹಾಕಿದರೆಂದು ಪೊಲೀಸರು ನನ್ನನ್ನೇ ಕೇಳಿದರು. ಎರಡು ವಾರಕ್ಕೆ ನಾವೆಲ್ಲ ವಾಡಿ ಜಂಕ್ಷನ್ನಿಗೆ ಬಂದೆವು. ರೈಲು ಹಳಿಯ ಪಕ್ಕ ತಗಡು ಹಾಕಿಕೊಂಡೆವು. ವ್ಯಾಗನ್ನಿಗೆ ಸಿಮೆಂಟು ಚೀಲ ತುಂಬುವ ಕೆಲಸ. ಮೊದಲು ಎದೆಗೆ ಕಲ್ಲಿನ ಪುಡಿ ಹೋಗುತ್ತಿತ್ತು, ಈಗ ಸಿಮೆಂಟಿನ ಪುಡಿ. ಬೆವರಿಗೆ ತಾಗಿ ಕುತ್ತಿಗೆಯಲ್ಲಿ ಹುಣ್ಣಾಗುತ್ತದೆ. ಕೇರಿಯ ಹೆಂಗಸರು ನಳದ ಮುಂದೆ ನನಗೆ ಶಾಪ ಹಾಕಿದರು. "ನಿನ್ನ ಒಂದು ಬಾಯಿಗೆ ನಮ್ಮ ಐವತ್ತು ಬಾಯಿ ಒಣಗಿದ್ವು," ಎಂದಳು ಯಂಕಮ್ಮ. ಅವಳ ಕೂಸು ಆ ಚಳಿಗಾಲ ಸತ್ತಿತ್ತು. ನಾನು ತಲೆ ತಗ್ಗಿಸಿ ಕೊಡ ತುಂಬಿಕೊಂಡು ಬಂದೆ. ಕಾಕಾ ಪಕ್ಕದ ತಗಡಿನಲ್ಲೇ ಇದ್ದರೂ ವರ್ಷ ಪೂರ್ತಿ ನನ್ನ ಜೊತೆ ಮಾತಾಡಲಿಲ್ಲ. ನನ್ನ ಬೆರಳು ಕೀವಾಗಿ ಉಗುರು ಬಿದ್ದುಹೋಯಿತು. ಆ ಬೆರಳು ಈಗಲೂ ಮಡಚುವುದಿಲ್ಲ.

ಮರುವರ್ಷ ಬನ್ನಿ ಹಬ್ಬಕ್ಕೆ ನಾಲ್ಕು ದಿನ ಇರುವಾಗ ದೇಶಮುಖನ ಕಾರಕೂನ ಬಂದ. ಇಳಿಹೊತ್ತು. ಕೆಲಸ ಬಿಟ್ಟು ಬಂದು ಎಲ್ಲರೂ ತಮ್ಮ ತಮ್ಮ ತಗಡಿನ ಮುಂದೆ ರೊಟ್ಟಿ ತಿನ್ನುತ್ತಿದ್ದರು. ಕಾರಕೂನ ಸ್ಟೇಷನ್ನಿನಿಂದ ನಡೆದು ಬಂದು ಬೆವತಿದ್ದ. ಹೋದ ವರ್ಷ ಪಲ್ಲಕ್ಕಿಯನ್ನು ಹಿಂದಿನ ಒಡಕು ಗೋಡೆಯಿಂದ ಒಳಗೆ ಒಯ್ದರಂತೆ. ಆಮೇಲೆ ದೇಶಮುಖನ ತಾಯಿ ತೀರಿಕೊಂಡಳಂತೆ, ನೂರು ಎಕರೆ ಕೋರ್ಟಿನಲ್ಲಿ ಹೋಯಿತಂತೆ. ಅಗಸಿಯ ಮಾತು ಆಗದ್ದಕ್ಕೇ ಇದೆಲ್ಲ ಎಂದು ಶಾಸ್ತ್ರಿ ಹೇಳಿದ್ದನಂತೆ.

"ಈ ಸಲ ಹುಲ್ಲು ಬ್ಯಾಡ," ಎಂದ ಕಾರಕೂನ. "ಕಾಲು ಇಡಂಗಿಲ್ಲ. ಸುಮ್ಮ ಬಂದು ನಿಂತು ಒಂದು ಮಾತು ಅಂದ್ರ ಸಾಕು. ಹನ್ನೊಂದು ಮನಿಗೂ ಖಣಿ ಕೆಲಸ. ಧಣಿ ನುಡಿ ಕೊಟ್ಟಾನ."

ಹನ್ನೊಂದು ಮನೆಯವರೂ ನನ್ನ ಕಡೆ ನೋಡಿದರು. ಯಂಕಮ್ಮನೂ ನೋಡಿದಳು. ನಾನು ಕೈಯಲ್ಲಿದ್ದ ರೊಟ್ಟಿ ಕೆಳಗಿಟ್ಟೆ. ಆ ಮಾತು ಬೇಡವೆನ್ನಲು ನನಗೆ ಇನ್ನೊಮ್ಮೆ ಧೈರ್ಯ ಬರುತ್ತಿತ್ತೋ ಇಲ್ಲವೋ, ಗೊತ್ತಿಲ್ಲ. ಅಷ್ಟರಲ್ಲಿ ಕಾಕಾ ಮಾತಾಡಿದ.

"ಆಕಿನ್ನ ಯಾಕ ಕೇಳ್ತೀರಿ? ಕಡೀಕ ಹುಲ್ಲು ಕಚ್ಚಿದಾಂವ ನಾನು. ನನ್ನ ಕೇಳ್ರಿ."

ಕಾರಕೂನನ ಮುಖ ಅರಳಿತು. "ಹಂಗಾದ್ರ ನೀ ಬರ್ತೀ ಏನು ದಶರಥ?"

"ನಮ್ಮಣ್ಣನ ಮಗಳ ಬಟ್ಟು ಕಡದೀನ್ರಿ ನಾ," ಎಂದ ಕಾಕಾ. "ವರ್ಷ ಆತು, ಏನು ತಿಂದ್ರೂ ಅದೇ ರುಚಿ. ಇನ್ನ ಈ ಬಾಯಿಲೆ ನಿಮ್ಮ ಧಣಿಗೆ ಮಾತು ಬರಂಗಿಲ್ಲ."

ಕಾರಕೂನ ಯಂಕಮ್ಮನ ಕಡೆ ತಿರುಗಿದ. ಅವಳು ರೊಟ್ಟಿ ಮುರಿದು ಪಲ್ಯಕ್ಕೆ ಅದ್ದಿದಳು. ಆಚೆ ಮನೆಯ ಕಡೆ ತಿರುಗಿದ. ಅವರೂ ತಿನ್ನುತ್ತಿದ್ದರು. ಅವನು ಧೋತರದ ಚುಂಗಿನಿಂದ ಮುಖ ಒರೆಸಿಕೊಂಡು, ಕೂರಲು ಎಲ್ಲಿ ಜಾಗ ಇದೆ ಎಂದು ನೋಡಿದ. ನನ್ನ ಬಾಗಿಲ ಮುಂದೆ ಹೊರಸು ಖಾಲಿ ಇತ್ತು.

ಯಾರೂ ಕುಂದ್ರಿ ಅನ್ನಲಿಲ್ಲ.